ಸ್ಮ್ಯಾಶ್ ಆಮೇಲೆ, ಮೊದಲು ಸರ್ವ್ ಎತ್ತಿ

ಸಂಜೆ ಐದಕ್ಕೆ ಯಾವ ಊರಿನ ವಾಲಿಬಾಲ್ ಅಂಗಳಕ್ಕೆ ಹೋದರೂ ಹೆಚ್ಚುಕಡಿಮೆ ಒಂದೇ ನೋಟ. ಲಿಫ್ಟರ್ ನೆಟ್ ಹತ್ತಿರ ನಿಂತು ಚೆಂಡು ಎತ್ತಿಕೊಡುತ್ತಿರುತ್ತಾನೆ. ಉಳಿದವರು ಸಾಲುಗಟ್ಟಿ ಓಡಿಬಂದು ಸ್ಮ್ಯಾಶ್ ಹೊಡೆಯುತ್ತಿರುತ್ತಾರೆ. ಸರ್ವ್ ಅಭ್ಯಾಸ ಅಂದರೆ ಮನೆಗೆ ಹೊರಡುವ ಮುಂಚೆ ತಲಾ ಐದು ಚೆಂಡನ್ನು ಖಾಲಿ ಅಂಗಳಕ್ಕೆ ಹೊಡೆಯುವುದು. ರಿಸೀವ್ ಅಭ್ಯಾಸ ಅಂದರೆ ಕೋಚ್ ಕೈಯಿಂದ ಎಸೆದ ಚೆಂಡನ್ನು ಎತ್ತುವುದು.

ನಾವೂ ಹೀಗೇ ಆಡಿಕೊಂಡು ಬಂದವರು. ಒಮ್ಮೆ ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಎದುರಿನ ಸಣಕಲು ಹುಡುಗನೊಬ್ಬ ತೇಲುವ ಸರ್ವ್ ಹಾಕುತ್ತಾ ಸತತ ಏಳು ಪಾಯಿಂಟ್ ಬಾಚಿದ. ಚೆಂಡು ತಿರುಗುತ್ತಲೇ ಇರಲಿಲ್ಲ, ನಮ್ಮ ಹತ್ತಿರ ಬಂದಾಗ ಒಂದು ಗೇಣು ಆಚೆಗೋ ಈಚೆಗೋ ಜಾರುತ್ತಿತ್ತು. ನಮ್ಮ ಸ್ಮ್ಯಾಶರ್‌ಗಳು ಸುಮ್ನೆ ನಿಂತು ನೋಡಿದರು. ಚೆಂಡು ಲಿಫ್ಟರ್ ಕೈಗೇ ಬರದಿದ್ದರೆ ಅವರಾದರೂ ಏನು ಮಾಡಬೇಕು?

ಈಗ ಸಂಜೆ ಹೊತ್ತು ಮಕ್ಕಳಿಗೆ ಆಡಿಸುವಾಗ ನಾನು ಸರ್ವ್ ಮತ್ತು ರಿಸೀವ್ ಎರಡನ್ನೂ ಒಟ್ಟಿಗೇ ಮಾಡಿಸುತ್ತೇನೆ. ಎತ್ತುವವರ ಕಣ್ಣು ಪಳಗುವುದು ಸರ್ವ್ ಹಾಕುವವರ ಭುಜ, ಅಂಗೈ ನೋಡಿ ನೋಡಿ. ಕೋಚ್ ಎಸೆಯುವ ಚೆಂಡಿನಲ್ಲಿ ಅದು ಸಿಗುವುದಿಲ್ಲ. ಹಾಗೇ, ಎದುರಿಗೆ ಜನ ನಿಂತಿರದಿದ್ದರೆ ಸರ್ವ್ ಹಾಕುವವರಿಗೆ ಎಲ್ಲಿಗೆ ಹಾಕಬೇಕು ಅನ್ನುವುದು ಹೊಳೆಯುವುದಿಲ್ಲ.

ಅಂಗಳ ಸಿದ್ಧ ಮಾಡಿ

ಹನ್ನೆರಡು ಮಕ್ಕಳು, ನಾಲ್ಕು ಚೆಂಡು, ಒಂದು ಮಣ್ಣಿನ ಕೋರ್ಟ್. ಇಷ್ಟಿದ್ದರೆ ಸಾಕು. ಚೆಂಡು 260ರಿಂದ 280 ಗ್ರಾಂ ತೂಗಬೇಕು ಅನ್ನುತ್ತದೆ ನಿಯಮ. ತೂಕಕ್ಕಿಂತ ಗಾಳಿ ನೋಡಿ. ಕಲ್ಲಿನಂಥ ಚೆಂಡಿಗೆ ಕೈ ಒಡ್ಡಿದ ಮಗು ಮರುದಿನ ಬರುವುದಿಲ್ಲ. ನೆಟ್ ಎತ್ತರ ದೊಡ್ಡ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24. ಚಿಕ್ಕ ಮಕ್ಕಳಿಗೆ ಇನ್ನೂ ಇಳಿಸಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಕೋರ್ಟ್ 18 ಮೀಟರ್ ಉದ್ದ, 9 ಮೀಟರ್ ಅಗಲ. ನಡುವೆ ಉದ್ದಕ್ಕೂ ಹಗ್ಗ ಹಾಸಿ ಅಥವಾ ಸುಣ್ಣದ ಗೆರೆ ಎಳೆದು ನಾಲ್ಕೂವರೆ ಮೀಟರ್ ಅಗಲದ ಎರಡು ಪಟ್ಟಿ ಮಾಡಿ. ಒಂದು ಪಟ್ಟಿಯಲ್ಲಿ ಸರ್ವ್ ಉತ್ತರದಿಂದ ಬರಲಿ, ಇನ್ನೊಂದರಲ್ಲಿ ದಕ್ಷಿಣದಿಂದ. ಪಟ್ಟಿಗೆ ಆರು ಜನ: ಇಬ್ಬರು ಸರ್ವ್‌ಗೆ, ಇಬ್ಬರು ರಿಸೀವ್‌ಗೆ, ಒಬ್ಬರು ನೆಟ್ ಹತ್ತಿರ ಲಿಫ್ಟರ್ ಜಾಗದಲ್ಲಿ ಚೆಂಡು ಹಿಡಿಯಲು, ಇನ್ನೊಬ್ಬರು ಚೆಂಡು ತಂದುಕೊಡಲು. ಹಿಡಿದ ಚೆಂಡನ್ನು ಪಕ್ಕದ ಗೆರೆಯ ಹೊರಗಿಂದಲೇ ಉರುಳಿಸಬೇಕು. ಆಟದ ನಡುವೆ ಕಾಲಡಿ ಉರುಳಿಬಂದ ಚೆಂಡಿನಿಂದ ಕಾಲು ಉಳುಕಿಸಿಕೊಂಡವರನ್ನು ಸಾಕಷ್ಟು ನೋಡಿದ್ದೇನೆ.

ಇಷ್ಟೆಲ್ಲ ತಾಪತ್ರಯ ಯಾಕೆ ಅಂದರೆ, ಲೆಕ್ಕ ಹಾಕಿ ನೋಡಿ. ಹನ್ನೆರಡು ಜನ ಒಂದೇ ಸಾಲಿನಲ್ಲಿ ನಿಂತು, ಕೋಚ್ ಆರು ಸೆಕೆಂಡಿಗೊಂದು ಚೆಂಡು ಎಸೆದರೆ ಒಬ್ಬರ ಸರದಿ ಬರುವುದು 72 ಸೆಕೆಂಡಿಗೊಮ್ಮೆ. ಇಪ್ಪತ್ತು ನಿಮಿಷಕ್ಕೆ ಹದಿನಾರು ಚೆಂಡು, ಅದೂ ಎಸೆದದ್ದು. ಪಟ್ಟಿ ಲೆಕ್ಕದಲ್ಲಿ ಹತ್ತು ಸೆಕೆಂಡಿಗೊಂದೇ ಸರ್ವ್ ಬಿದ್ದರೂ ಜಾಗ ಬದಲಿಸುತ್ತಾ ಹೋದರೆ ಪ್ರತಿಯೊಬ್ಬರಿಗೂ ಇಪ್ಪತ್ತು ಸರ್ವ್, ಇಪ್ಪತ್ತು ರಿಸೀವ್ ಸಿಗುತ್ತದೆ.

ಟಾಸ್‌ನಿಂದ ಶುರು

ಸರ್ವ್ ಕೆಟ್ಟರೆ ಮಕ್ಕಳು ಕೈ ನೋಡಿಕೊಳ್ಳುತ್ತಾರೆ. ತಪ್ಪು ಬಹಳ ಸಲ ಟಾಸ್‌ನಲ್ಲಿ, ಅಂದರೆ ಹೊಡೆಯುವ ಮುಂಚೆ ಚೆಂಡನ್ನು ಮೇಲಕ್ಕೆ ಬಿಡುವುದರಲ್ಲಿ ಇರುತ್ತದೆ. ಮೊದಲ ಐದು ನಿಮಿಷ ಹೊಡೆಯುವುದೇ ಬೇಡ. ಹೊಡೆಯುವ ಭುಜದ ನೇರಕ್ಕೆ, ಒಂದಡಿ ಮುಂದೆ, ನೆಲದ ಮೇಲೆ ತಟ್ಟೆಯಷ್ಟು ವೃತ್ತ ಬರೆಯಿರಿ. ಚೆಂಡನ್ನು ಮೇಲಕ್ಕೆ ಬಿಟ್ಟು ಕೈ ತೆಗೆಯಬೇಕು, ಅದು ವೃತ್ತದೊಳಗೇ ಬೀಳಬೇಕು. ಎಷ್ಟು ಸುಲಭ ಅನ್ನಿಸುತ್ತದೆ, ಅಲ್ವಾ? ಹತ್ತಕ್ಕೆ ನಾಲ್ಕು ಬಿದ್ದರೆ ಹೆಚ್ಚು.

ಆಮೇಲೆ ನೆಟ್‌ನಿಂದ ಆರು ಮೀಟರ್ ದೂರ ನಿಂತು ಸರ್ವ್. ಹತ್ತರಲ್ಲಿ ಏಳು ನೆಟ್ ದಾಟಿದರೆ ಒಂದು ಹೆಜ್ಜೆ ಹಿಂದೆ. ಹೀಗೆ ಹಿಂದೆ ಸರಿಯುತ್ತಾ ಎಂಡ್ ಲೈನ್ ಮುಟ್ಟಲು ಕೆಲವರಿಗೆ ಎರಡು ದಿನ ಸಾಕು, ಕೆಲವರಿಗೆ ಎರಡು ತಿಂಗಳು. ತೇಲುವ ಸರ್ವ್ ಕಲಿಸುವಾಗ ಟಾಸ್ ತಗ್ಗಿನಲ್ಲಿರಲಿ, ಮಣಿಕಟ್ಟು ಬಿಗಿಯಾಗಿರಲಿ. ಚೆಂಡಿನ ನಟ್ಟನಡುವೆ ಅಂಗೈ ತಾಗಿಸಿ ಕೈಯನ್ನು ಅಲ್ಲೇ ನಿಲ್ಲಿಸಬೇಕು. ಬಾಗಿಲು ಬಡಿದ ಹಾಗೆ. ಕೈ ಕೆಳಗೆ ಎಳೆದರೆ ಚೆಂಡು ತಿರುಗುತ್ತದೆ, ತಿರುಗಿದರೆ ಅದು ಎಲ್ಲಿಗೆ ಬರುತ್ತದೆ ಅಂತ ಎದುರಿನವರಿಗೆ ಗೊತ್ತಾಗಿಬಿಡುತ್ತದೆ.

ಸ್ವಲ್ಪ ಪಳಗಿದವರಿಗೆ ಇನ್ನೊಂದು ಉಪಾಯ. ನೆಟ್‌ಗಿಂತ ಒಂದು ಮೀಟರ್ ಮೇಲೆ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ. ಸರ್ವ್ ಹಗ್ಗಕ್ಕೂ ನೆಟ್‌ಗೂ ನಡುವೆ ನುಸುಳಬೇಕು. ಮೊದಲ ದಿನ ಎಲ್ಲರೂ ಬೈದುಕೊಳ್ಳುತ್ತಾರೆ.

ಎತ್ತುವವರ ಕೆಲಸ

ನೆಟ್‌ನಿಂದ ಒಂದು ಮೀಟರ್ ಬಿಟ್ಟು, ನಡುಹಗ್ಗದ ಪಕ್ಕ ಒಂದು ಗೋಣಿಚೀಲ ಹಾಸಿ. ಚೆಂಡು ಹಿಡಿಯುವವರು ಅದರ ಮೇಲೆ ನಿಲ್ಲಲಿ. ಚೀಲ ಬಿಟ್ಟು ಕದಲದೆ ಹಿಡಿದರೆ ಎತ್ತಿದವರಿಗೆ 3 ಅಂಕ. ಎರಡು ಹೆಜ್ಜೆ ನಡೆದರೆ 2. ಓಡಿಹೋಗಿ ಹೇಗೋ ಮುಟ್ಟಿದರೆ 1. ಕೈಗೇ ಸಿಗದಿದ್ದರೆ ಸೊನ್ನೆ. ಹತ್ತು ಚೆಂಡಿಗೆ ಹದಿನೈದು ಅಂಕ ಬಂದರೆ ಹೊಸಬರ ಮಟ್ಟಿಗೆ ಒಳ್ಳೆಯದೇ. ಇಪ್ಪತ್ತು ದಾಟಿದವರನ್ನು ನಾನು ಪಂದ್ಯದಲ್ಲಿ ಹೊರಗೆ ಕೂರಿಸುವುದಿಲ್ಲ, ಸ್ಮ್ಯಾಶ್ ಬರದಿದ್ದರೂ ಸರಿ.

ಮೊದಲು ಕಾಲು, ಆಮೇಲೆ ಕೈ. ಚೆಂಡು ನೆಟ್ ದಾಟುವಷ್ಟರಲ್ಲಿ ಕಾಲು ಅದರ ದಾರಿಗೆ ಬಂದಿರಬೇಕು. ಕೈ ಬೀಸಬಾರದು, ಒಡ್ಡಬೇಕು. ಎದೆ ಎತ್ತರಕ್ಕಿಂತ ಮೇಲೆ ಬಂದ ಚೆಂಡನ್ನು ಬೆರಳಿನಲ್ಲೂ ಎತ್ತಬಹುದು, ನಿಯಮ ಬೇಡ ಅನ್ನುವುದಿಲ್ಲ.

ಜಾಸ್ತಿ ಪಾಯಿಂಟ್ ಹೋಗುವುದು ಇಬ್ಬರ ನಡುವಿನ ಸಂದಿನಲ್ಲಿ. ಇವನು ಅವನನ್ನು ನೋಡುತ್ತಾನೆ, ಅವನು ಇವನನ್ನು. ಚೆಂಡು ಧೂಳೆಬ್ಬಿಸಿ ಬೀಳುತ್ತದೆ. ಅದಕ್ಕೇ ಒಂದು ಸುತ್ತು ಪೂರ್ತಿ ಸಂದಿಗೇ ಸರ್ವ್ ಹಾಕಿಸಿ. ಮುಂದೆ ಬಿದ್ದದ್ದು ಯಾರದ್ದು, ಹಿಂದೆ ಹೋದದ್ದು ಯಾರದ್ದು ಅಂತ ಮೊದಲೇ ಮಾತಾಗಿರಲಿ. ಚೆಂಡು ನೆಟ್ ದಾಟುವ ಮುಂಚೆ ‘ನಂದು’ ಅಂತ ಕೂಗಲೇಬೇಕು. ಕೂಗದೆ ಎತ್ತಿದರೆ ಎಷ್ಟೇ ಚೆನ್ನಾಗಿ ಎತ್ತಿದರೂ ಸೊನ್ನೆ. ನಾಚಿಕೆ ಸ್ವಭಾವದ ಮಕ್ಕಳು ಎರಡು ವಾರ ಪಿಸುಗುಡುತ್ತಾರೆ, ಬಿಡಬೇಡಿ.

ಬಯಲಿನಲ್ಲಿ ಗಾಳಿ, ಬಿಸಿಲು ಎರಡೂ ಆಟಗಾರರೇ. ಗಾಳಿಗೆ ಎದುರಾಗಿ ಹಾಕಿದ ಸರ್ವ್ ದಿಢೀರ್ ಕುಸಿಯುತ್ತದೆ, ಗಾಳಿ ಜೊತೆ ಹಾಕಿದ್ದು ಹೊರಗೆ ಹಾರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಬದಿ ಬದಲಿಸಿ.

ಕೊನೆಗೆ ಪಂದ್ಯದ ಬಿಸಿ

ಹಗ್ಗ ಸುತ್ತಿಡಿ, ಪೂರ್ತಿ ಕೋರ್ಟ್ ತೆಗೆದುಕೊಳ್ಳಿ. ಆರು ಜನ ಸರ್ವ್ ತಂಡ, ಆರು ಜನ ರಿಸೀವ್ ತಂಡ. ಲಿಫ್ಟರ್ ನೆಟ್ ಹತ್ತಿರ, ಉಳಿದ ಐವರು ಇಂಗ್ಲಿಷಿನ ಡಬ್ಲ್ಯೂ ಆಕಾರದಲ್ಲಿ. ದೊಡ್ಡ ತಂಡಗಳಲ್ಲಿ ಸಾಮಾನ್ಯವಾಗಿ ಮೂವರೇ ಎತ್ತುತ್ತಾರೆ, ಚೆಂಡು ಎತ್ತಲೆಂದೇ 1998ರಲ್ಲಿ ನಿಯಮಕ್ಕೆ ಬಂದ ಲಿಬೆರೊ ಅನ್ನುವ ಆಟಗಾರ ಅವರಲ್ಲೊಬ್ಬ. ಶಾಲಾ ಮಕ್ಕಳಿಗೆ ಐವರೇ ಇರಲಿ.

ಲೆಕ್ಕ ಹೀಗೆ: ರಿಸೀವ್‌ಗೆ 2 ಅಥವಾ 3 ಅಂಕ ಬಂದರೆ ಎತ್ತಿದ ತಂಡಕ್ಕೆ ಒಂದು ಪಾಯಿಂಟ್. 1 ಅಥವಾ ಸೊನ್ನೆ ಆದರೆ ಸರ್ವ್ ತಂಡಕ್ಕೆ. ಸರ್ವ್ ತಪ್ಪಿದರೂ ಎತ್ತುವವರಿಗೇ. ಐದನೇ ಸೆಟ್ ಥರ 15ಕ್ಕೆ ಮುಗಿಸಿ. ಒಂದು ರೊಟೇಶನ್‌ನಲ್ಲಿ, ಅಂದರೆ ಆಟಗಾರರು ನಿಂತ ಒಂದು ಕ್ರಮದಲ್ಲಿ, ಮೂರು ಒಳ್ಳೆಯ ರಿಸೀವ್ ಬರುವ ತನಕ ಜಾಗ ತಿರುಗಿಸಬೇಡಿ. ತಂಡ ಎಲ್ಲಿ ಸೋರುತ್ತದೆ ಅನ್ನುವುದು ಆಗ ಕಾಣುತ್ತದೆ. ಸರ್ವ್‌ಗೆ ಸೀಟಿ ಊದಿ ಎಂಟು ಸೆಕೆಂಡ್ ಎಣಿಸಿ, ನಿಯಮ ಕೊಡುವುದು ಅಷ್ಟೇ. ಸರ್ವ್ ತಂಡ ಒಂದೂ ತಪ್ಪದೆ ಹಾಕಿತು ಅಂದರೆ ಖುಷಿಪಡಬೇಡಿ, ಅವರು ಹೆದರಿ ಮೆಲ್ಲಗೆ ಹಾಕುತ್ತಿದ್ದಾರೆ.

ಒಂದು ಹಳೇ ನೋಟ್‌ಬುಕ್ ಇಟ್ಟುಕೊಂಡು ಯಾವ ರೊಟೇಶನ್‌ನಲ್ಲಿ, ಯಾವ ಜಾಗದಲ್ಲಿ ಸೊನ್ನೆ ಬಿತ್ತು ಅಂತ ಗೀಟು ಹಾಕುತ್ತಾ ಹೋಗಿ. ನಮ್ಮ ಪುಟದಲ್ಲಿ ಕಳೆದ ತಿಂಗಳೆಲ್ಲ ಹಿಂದಿನ ಎಡಮೂಲೆಯಲ್ಲೇ ಗೀಟುಗಳು. ಅದಕ್ಕೆ ಸೋಮವಾರ ಟಾಸ್ ಮುಗಿದ ಕೂಡಲೇ ಎಲ್ಲರ ಸರ್ವ್ ಆ ಮೂಲೆಗೇ.