ಮೆಲ್ಬರ್ನ್‌ಗೆ ಹೊರಟ ಹಾಸನದವರಿಗೆ: ಮೊದಲು ಕೌನ್ಸಿಲ್ ಪರಿಚಯ ಮಾಡಿಕೊಳ್ಳಿ

ರಜೆಗೆ ಹಾಸನಕ್ಕೆ ಬಂದು ಎರಡು ವಾರವಾಯಿತು. ನಮ್ಮ ಬೀದಿಯ ಎರಡು ಮನೆಗಳಿಂದ ಮಕ್ಕಳು ಮೆಲ್ಬರ್ನ್‌ಗೆ ಹೊರಟಿದ್ದಾರೆ. ಅವರಲ್ಲಿ ಒಬ್ಬಳು ಐದು ತಿಂಗಳ ಬಸುರಿ. ಬಂದವರೆಲ್ಲ ಬಾಡಿಗೆ ಎಷ್ಟು, ರಾಗಿ ಹಿಟ್ಟು ಸಿಗುತ್ತಾ ಅಂತ ಕೇಳುತ್ತಾರೆ. ಸಿಗುತ್ತೆ. ಕೌನ್ಸಿಲ್ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ಹೋಗುವಾಗ ನಾನೂ ಕೇಳಿರಲಿಲ್ಲ, ಮೊದಲ ವರ್ಷವೆಲ್ಲ ಅದಕ್ಕೇ ಒದ್ದಾಡಿದೆ.

ಕೌನ್ಸಿಲ್ ಅಂದರೆ ನಮ್ಮ ನಗರಸಭೆ ಇದ್ದ ಹಾಗೆ. ವಿಕ್ಟೋರಿಯಾ ರಾಜ್ಯದಲ್ಲಿ ಇಂಥವು 79 ಇವೆ. ವೀಸಾ, ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆ ಕೇಂದ್ರದ್ದು. ಪೊಲೀಸು, ಸರ್ಕಾರಿ ಶಾಲೆ ರಾಜ್ಯದ್ದು. ಕಸ, ಪಾರ್ಕು, ಗ್ರಂಥಾಲಯ, ಮಕ್ಕಳ ಲಸಿಕೆ ಕೌನ್ಸಿಲ್ ನೋಡಿಕೊಳ್ಳುತ್ತೆ. ಕಚೇರಿಗೆ ಹೋಗುವ ಮುಂಚೆ ಗೊತ್ತಿರೋರು ಯಾರಾದರೂ ಇದ್ದಾರಾ ಅಂತ ಹುಡುಕುವುದು ನಮಗೆ ಅಭ್ಯಾಸ. ಅಲ್ಲಿ ಯಾರ ಶಿಫಾರಸೂ ಬೇಡ, ನೇರವಾಗಿ ಹೋಗಿ ಕೇಳಿ. ಇಂಗ್ಲಿಷ್ ತೊಡಕಾದರೆ 131 450ಕ್ಕೆ ಫೋನ್ ಮಾಡಿ, ಕನ್ನಡ ದುಭಾಷಿ ಬೇಕು ಅನ್ನಿ.

ಆ ಬಸುರಿ ಹುಡುಗಿಗೆ ಬಿಡಿಸಿ ಹೇಳಿದ್ದು ತಾಯಿ-ಮಗುವಿನ ಆರೋಗ್ಯ ಸೇವೆಯ ವಿಚಾರ. ಹೆರಿಗೆಯಾದ ಸುದ್ದಿ ಆಸ್ಪತ್ರೆಯಿಂದಲೇ ಕೌನ್ಸಿಲ್‌ಗೆ ಹೋಗುತ್ತೆ. ನರ್ಸ್ ಮೊದಲ ಸಲ ಮನೆಗೇ ಬರುತ್ತಾರೆ. ಆಮೇಲೆ ಮಗುವಿಗೆ ಮೂರೂವರೆ ವರ್ಷ ಆಗುವವರೆಗೆ ಒಟ್ಟು 10 ಭೇಟಿ, ಎಲ್ಲ ಉಚಿತ. ನಮ್ಮ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇಬ್ಬರೂ ಒಬ್ಬರೇ ಆದ ಹಾಗೆ. ನನ್ನ ಬಾಣಂತನಕ್ಕೆ ಅಮ್ಮನಿಗೆ ಬರಲಾಗಲಿಲ್ಲ. ಮನೆಗೆ ಬಂದ ನರ್ಸ್ ಆರಿಹೋಗಿದ್ದ ಗಂಜಿ ನೋಡಿ, ಕೂಸನ್ನು ತಾವು ಎತ್ತಿಕೊಂಡು, ಮೊದಲು ಊಟ ಮಾಡು ಅಂದರು. ತೂಕ ನೋಡಿದ್ದು ಆಮೇಲೆ. ಅವರೇ ನನ್ನನ್ನು ಹೊಸ ತಾಯಂದಿರ ಗುಂಪಿಗೆ ಸೇರಿಸಿದರು. ಆ ಗುಂಪಿನ ಇಬ್ಬರು ಈಗಲೂ ನನ್ನ ಆಪ್ತರು. ಮಧ್ಯರಾತ್ರಿ ಮಗು ಅಳು ನಿಲ್ಲಿಸದಿದ್ದರೆ 13 22 29ರಲ್ಲಿ ನರ್ಸ್ ಸಿಗುತ್ತಾರೆ, ದಿನದ 24 ಗಂಟೆಯೂ.

ಮೊದಲ ವಾರಗಳ ಒಂದು ಭೇಟಿಯಲ್ಲಿ ನರ್ಸ್, ತಾಯಿ ಒಬ್ಬಳೇ ಇದ್ದಾಗ, ಮನೆಯಲ್ಲಿ ಯಾರ ಹೆದರಿಕೆಯಾದರೂ ಇದೆಯಾ ಅಂತ ಕೇಳುತ್ತಾರೆ. ಎಲ್ಲ ತಾಯಂದಿರಿಗೂ ಕೇಳುವ ಪ್ರಶ್ನೆ ಅದು. ಗಂಡಂದಿರು, ಅತ್ತೆಯವರು ಆ ಹೊತ್ತು ಹೊರಗಿದ್ದು ದಾರಿ ಮಾಡಿಕೊಡಿ. ಮನೆ ಮಾತು ಹೊರಗೆ ಹೋಗಬಾರದು ಅಂತ ನಮಗೆ ಹೇಳಿಕೊಟ್ಟಿದ್ದಾರೆ ನಿಜ. ಆದರೂ ಹೆದರಿಕೆ ಇದ್ದರೆ ಹೇಳಿಬಿಡಮ್ಮ. ವೀಸಾ ಏನಾಗುತ್ತೋ ಅಂತ ಒಳಗೇ ಕೊರಗಬೇಡ, ಮನೆಯೊಳಗಿನ ಹಿಂಸೆಗೆ ಸಿಕ್ಕವರ ಸಹಾಯವಾಣಿ 1800 737 732 ಹಗಲು ರಾತ್ರಿ ಇರುತ್ತೆ.

ಮೊಮ್ಮಗು ನೋಡಿಕೊಳ್ಳಲು ಇಲ್ಲಿಂದ ಬರುವ ಅಪ್ಪ ಅಮ್ಮಂದಿರ ಕಷ್ಟ ಬೇರೆ. ಇಲ್ಲಿ ಮಹಾರಾಜ ಪಾರ್ಕಿನಲ್ಲಿ ಎರಡು ಸುತ್ತು ಹಾಕುವಷ್ಟರಲ್ಲಿ ನಾಲ್ಕು ಜನ ಮಾತಾಡಿಸುತ್ತಾರೆ. ಅಲ್ಲಿ ಎಂಟು ಗಂಟೆ ಗೋಡೆ ನೋಡಿಕೊಂಡು ಕೂರಬೇಕು. ಅವರನ್ನು ಮೊದಲ ವಾರವೇ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. ಸದಸ್ಯತ್ವಕ್ಕೆ ದುಡ್ಡಿಲ್ಲ. ಮಕ್ಕಳಿಗೆ ಕಥೆ ಹೇಳುವ ಹೊತ್ತಿಗೆ ಮೊಮ್ಮಗುವಿನ ಜೊತೆ ಹೋದರೆ ಬೇರೆ ಅಜ್ಜಿಯರೂ ಸಿಗುತ್ತಾರೆ. ನೇಬರ್‌ಹುಡ್ ಹೌಸ್ ಅನ್ನುವ ಬಡಾವಣೆಯ ಕೂಟಗಳಲ್ಲಿ ಇಂಗ್ಲಿಷ್ ಮಾತು, ಹೊಲಿಗೆ ಕಲಿಸುವುದೂ ಉಂಟು.

ಗೊರೂರಿನ ಹೊಳೆಯಲ್ಲಿ ಈಜು ಕಲಿತವರಿಗೆ ಒಂದು ಮಾತು: ಸಮುದ್ರದ ಸೆಳೆತ ಬೇರೆಯೇ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಮಕ್ಕಳನ್ನು ಕೌನ್ಸಿಲ್ ಈಜುಕೊಳದ ತರಗತಿಗೆ ಸೇರಿಸಿ.

ಒಮ್ಮೆ ಬಸ್ ಸ್ಟಾಪಿನಲ್ಲಿ ಕಾರಿನಿಂದ ಯಾರೋ ನನ್ನ ಬಣ್ಣ ಹಿಡಿದು ಬೈದು ಹೋದರು. ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ಅದು ತಪ್ಪು. ಅಪಾಯ ಎದುರಿಗಿದ್ದರೆ 000, ಆಮೇಲೆ ದೂರು ಕೊಡಲು ಪೊಲೀಸರ 131 444. ಪಾರ್ಕಿನ ದಾರಿಯಲ್ಲಿ ದೀಪ ಕೆಟ್ಟಿದ್ದರೆ ಕೌನ್ಸಿಲ್‌ಗೆ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಕಸದ ತೊಟ್ಟಿಯ ಮುಚ್ಚಳ ಸಾಮಾನ್ಯವಾಗಿ ಕೆಂಪಾದರೆ ಮಾಮೂಲಿ ಕಸ, ಹಳದಿಯಾದರೆ ಮರುಬಳಕೆಯದ್ದು. ಉಳಿದದ್ದು ಪಕ್ಕದ ಮನೆಯವರನ್ನು ಕೇಳಿ. ಪರಿಚಯಕ್ಕೂ ಅದೇ ನೆಪವಾಗುತ್ತೆ.

ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಹಾಲ್ ಬೇಕಾದರೆ ಕೌನ್ಸಿಲ್ ಹಾಲ್‌ಗಳನ್ನು ತಿಂಗಳುಗಳ ಮುಂಚೆಯೇ ವಿಚಾರಿಸಿ. ಸಂಘ-ಸಂಸ್ಥೆಗಳಿಗೆ ಬಾಡಿಗೆ ಕಡಿಮೆಯಾ, ಅನುದಾನ ಇದೆಯಾ ಅಂತ ಮರೆಯದೆ ಕೇಳಿ. ಅರ್ಜಿ ತುಂಬುವಾಗ ನನ್ನನ್ನು ಕರೆಯಿರಿ, ಜೊತೆಗೆ ಕೂರುತ್ತೇನೆ.