ರಾಗಿ ಜಾಲಿಸಿದ ಹಾಗೆ ಕರಿಕಲ್ಲು ಜಾಲಿಸಿದೆ

ಕನಕಪುರ ಕಡೆಯ ಡೈಕ್‌ನಿಂದ, ಅಂದರೆ ಹಳೇ ಬಂಡೆಯ ಬಿರುಕಿಗೆ ಶಿಲಾರಸ ನುಗ್ಗಿ ಗಟ್ಟಿಯಾದ ಕರಿಕಲ್ಲಿನ ಪಟ್ಟಿಯಿಂದ, ಕಲ್ಲಿನ ವಯಸ್ಸು ಹೇಳೋ ಬ್ಯಾಡೆಲಿಯೈಟ್ ಅನ್ನೋ ಸಣ್ಣ ಹರಳು ತೆಗೀತೀನಿ ಅಂದಾಗ ಲ್ಯಾಬಿನ ಹಿರಿಯರೊಬ್ಬರು ನಕ್ಕರು. "ಅದಕ್ಕೆ ವಿಲ್ಫ್ಲಿ ಟೇಬಲ್ ಬೇಕು ಕಣಯ್ಯ. ಕೈಯಲ್ಲಿ ಆಗೋ ಕೆಲಸ ಅಲ್ಲ" ಅಂದರು. ವಿಲ್ಫ್ಲಿ ಟೇಬಲ್ ಅಂದರೆ ಕಲ್ಲಿನ ಪುಡಿಯನ್ನು ನೀರಲ್ಲಿ ಅಲುಗಿಸಿ ಭಾರದ ಹರಳು ಬೇರೆ ಮಾಡೋ ಮೆಷಿನ್. ಎರಡು ವರ್ಷ ಅವರ ಮಾತೇ ನಿಜವಾಗಿತ್ತು.

ಮೊದಲ ಸಲ ತಂದ ಕಲ್ಲೇ ತಪ್ಪು. ಡೈಕ್‌ನ ಅಂಚು ಬೇಗ ತಣ್ಣಗಾಗಿರುತ್ತೆ, ಹರಳು ಬೆಳೆದಿರಲ್ಲ. ಗೊತ್ತಿದ್ದೂ ಅಲ್ಲೇ ಸುತ್ತಿಗೆ ಹಾಕಿದೆ. ಬಿಸಿಲು ಜಾಸ್ತಿ ಇತ್ತು, ಅಂಚು ರಸ್ತೆ ಪಕ್ಕದಲ್ಲೇ ಇತ್ತು! ಆಮೇಲೆ ಕರಿಕಲ್ಲು ಕ್ವಾರಿಯ ಮೇಸ್ತ್ರಿ ಡೈಕ್‌ನ ನಡುಭಾಗದ ದಪ್ಪ ಹರಳಿನ ಚೂರುಗಳನ್ನು ಬಿಟ್ಟಿಯಾಗಿ ಕೊಟ್ಟರು.

ಭಾರದ ಹರಳು ಮುಳುಗಿ ಹಗುರದ್ದು ತೇಲೋ ದ್ರವ ಮಿಥಿಲೀನ್ ಅಯೊಡೈಡ್‌ಗೆ ಸುಮಾರು 40,000 ರೂಪಾಯಿ ಸುರಿದೆ. ಒಂಬತ್ತು ಹರಳು ಸಿಕ್ಕವು, ಎಲ್ಲಾ ಜಿರ್ಕಾನ್, ವಯಸ್ಸು ಹೇಳೋ ಇನ್ನೊಂದು ಹರಳು. ಮೆಷಿನ್ ಬಾಡಿಗೆ ಕಟ್ಟಿ ವಯಸ್ಸು ತೆಗೆಸಿದರೆ 252 ಕೋಟಿ ವರ್ಷ ಬಂತು. ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ. ಮೂರನೇ ದಿನ ನೆನಪಾಯಿತು: ಹಿಂದಿನ ವಾರ ಅದೇ ಜಾ ಕ್ರಷರ್‌ನಲ್ಲಿ ಗೆಳೆಯ ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್ ಒಡೆದಿದ್ದ, ಅದರ ಜಿರ್ಕಾನ್ ಅಲ್ಲೇ ಅಂಟಿಕೊಂಡಿತ್ತು. ನಾನು ದುಡ್ಡು ಕೊಟ್ಟು ಅವನ ಕಲ್ಲಿನ ವಯಸ್ಸು ತೆಗೆಸಿದ್ದೆ. ಈಗ ಕ್ರಷರ್ ಮುಟ್ಟೋ ಮೊದಲು ಅರ್ಧ ದಿನ ಉಜ್ಜೋದೇ ಕೆಲಸ.

ಊರಿಗೆ ಹೋಗಿದ್ದಾಗ ಅಮ್ಮ ರಾಗಿ ಜಾಲಿಸ್ತಿದ್ದರು. ರಾಗಿ ನೀರಿನ ಜೊತೆ ಆಚೆ ಹೋಗುತ್ತೆ, ಕಲ್ಲು ಬೋಸಿಯ ತಳದಲ್ಲಿ ಕೂರುತ್ತೆ. ಅವರು ಎಸೆಯೋ ಕಲ್ಲೇ ನನಗೆ ಬೇಕಾದ್ದು, ಅಲ್ವಾ? ಒಂದು ಕಿಲೋ ಪುಡಿ ತಗೊಂಡು ಕೂತೆ. "ಕೈ ಒದರಬೇಡ ಕಣೋ, ನೀರು ಆಡಿಸು" ಅಂತ ಅಮ್ಮನಿಂದ ಬೈಸಿಕೊಂಡೆ. ಬ್ಯಾಡೆಲಿಯೈಟ್ ಭಾರ ನಿಜ, ಆದರೆ ತೆಳ್ಳಗಿನ ಬಿಲ್ಲೆ. ಸ್ವಲ್ಪ ಜೋರಾದರೂ ನೀರಿನ ಮೇಲೆ ತೇಲಿ ಹೋಗುತ್ತೆ. ಅದಕ್ಕೆ ಸೋಪಿನ ನೀರು ಬೇಕು. ಯಾವ ಸೋಪು, ಯಾವಾಗ ಹಾಕಬೇಕು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಅರ್ಕಾವತಿಯ ಮರಳನ್ನೂ ಜಾಲಿಸಿ ನೋಡಿದೆ. ಜಿರ್ಕಾನ್ ರಾಶಿ ರಾಶಿ ಬಂತು. ಯಾವ ಬಂಡೆಯದು ಅಂತ ಹೇಳೋದು ಹೇಗೆ? ಬಾಟಲಿಯಲ್ಲಿ ಹಾಗೇ ಇದೆ.

ಕೊನೆಗೆ ಒಂದು ಚಮಚದಷ್ಟು ಕಪ್ಪು ಪುಡಿ ಉಳಿಯಿತು. ಅಯಸ್ಕಾಂತ ಆಡಿಸಿ ಮ್ಯಾಗ್ನೆಟೈಟ್ ತೆಗೆದು ಮೈಕ್ರೋಸ್ಕೋಪ್ ಕೆಳಗಿಟ್ಟೆ. ಕಂದು ಬಣ್ಣದ ಬಿಲ್ಲೆಗಳು, ನಲವತ್ತರ ಹತ್ತಿರ ಇದ್ದವು. ಒಂದೊಂದೂ ಕೂದಲಿಗಿಂತ ಸಣ್ಣ. ಹರಳಿನ ಯುರೇನಿಯಂ ಎಷ್ಟು ಸೀಸವಾಗಿದೆ ಅನ್ನೋ ಲೆಕ್ಕದಲ್ಲಿ ಸುಮಾರು 237 ಕೋಟಿ ವರ್ಷ. ಬೆಂಗಳೂರು ಸುತ್ತಿನ ಪೂರ್ವ-ಪಶ್ಚಿಮ ಡೈಕ್‌ಗಳಿಗೆ ಈಗಾಗಲೇ ಬಂದಿರುವ ವಯಸ್ಸೂ ಅದೇ. ಬೋಸಿಗೆ ಆದ ಖರ್ಚು 180 ರೂಪಾಯಿ.

ಹೋದ ತಿಂಗಳು ಆ ಹಿರಿಯರು ತಮ್ಮ ಡೈಕ್ ಕಲ್ಲು ಹಿಡಿದು ಬಂದರು. "ನಿನ್ನ ಬೋಸಿ ಎರಡು ದಿನಕ್ಕೆ ಕೊಡ್ತೀಯಾ?" ಅಂದರು. ಕೊಟ್ಟೆ. ಸೋಪು ಕೊಡಲಿಲ್ಲ.