ನಾಯಿ ಮೈಮೇಲೆ ಹಾರುವುದನ್ನು ಬಿಡಿಸುವುದು ಹೇಗೆ?

ನಾಯಿ ಪಳಗಿಸುವುದು ನನ್ನ ಕಸುಬು. ಹೆಚ್ಚಾಗಿ ಬರುವ ದೂರು ಒಂದೇ: ಯಾರು ಬಂದರೂ ಮೈಮೇಲೆ ಹಾರುತ್ತದೆ, ಎಷ್ಟು ಗದರಿದರೂ ಕೇಳುವುದಿಲ್ಲ. ನಾನು ಮೊದಲು ನಾಯಿಯ ತಂಟೆಗೇ ಹೋಗುವುದಿಲ್ಲ. ಅದು ಹಾರಿದಾಗ ಮನೆಯವರು ಏನು ಮಾಡುತ್ತಾರೆ ಎಂದು ಸುಮ್ಮನೆ ಕೂತು ನೋಡುತ್ತೇನೆ. ಒಬ್ಬರು ತಳ್ಳುತ್ತಾರೆ, ಇನ್ನೊಬ್ಬರು "ಏಯ್, ಇಳಿ!" ಅಂತ ಕೂಗುತ್ತಾರೆ, ಮಗು ನಗುತ್ತದೆ. ಕಣ್ಣು, ಕೈ, ದನಿ ಮೂರೂ ಒಟ್ಟಿಗೆ ಸಿಕ್ಕಿದ ಮೇಲೆ ನಾಯಿ ಯಾಕೆ ಬಿಟ್ಟೀತು?

1898ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಹೊರಗೆ ಆಹಾರ ಇಟ್ಟ. ಪರಚಾಡುವಾಗ ಅಕಸ್ಮಾತ್ತಾಗಿ ಅಗುಳಿ ಜಾರಿ ಬಾಗಿಲು ತೆರೆಯಿತು. ಮತ್ತೆ ಮತ್ತೆ ಹಾಕಿದಂತೆ ಹೊರಬರಲು ಹಿಡಿಯುವ ಹೊತ್ತು ಕಡಿಮೆಯಾಗುತ್ತ ಹೋಯಿತು. ಫಲ ಕೊಟ್ಟ ವರ್ತನೆ ಉಳಿಯುತ್ತದೆ, ಫಲ ಕೊಡದ್ದು ಉದುರುತ್ತದೆ. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಮುಂದೆ ಇದನ್ನೇ ಪುನರ್ಬಲನ, ಅಂದರೆ ಸಿಕ್ಕ ಫಲದಿಂದ ವರ್ತನೆ ಬಲಗೊಳ್ಳುವುದು, ಎಂದು ಬೆಳೆಸಿದ. ಅವನ ಅಳತೆಗೋಲು ಖಡಕ್ಕು: ನೀವು ಯಾವ ಉದ್ದೇಶದಿಂದ ಕೊಟ್ಟಿರಿ ಎಂಬುದು ಲೆಕ್ಕಕ್ಕಿಲ್ಲ, ವರ್ತನೆ ಹೆಚ್ಚಿದರೆ ಕೊಟ್ಟದ್ದು ಪುನರ್ಬಲಕ. ನಿಮ್ಮ ಗದರಿಕೆಯೂ ಅಷ್ಟೆ.

ಹಾಗಾಗಿ ಒಂದು ವಾರ ಬರೆದಿಡಿ. ಹಾರುವ ಮುಂಚೆ ಏನಾಯಿತು, ಹಾರಿದ ಮೇಲೆ ಅದಕ್ಕೆ ಏನು ಸಿಕ್ಕಿತು. ಬರೆಯದೆ ನೆನಪಿನಿಂದ ಹೇಳುವವರನ್ನು ನಾನು ನಂಬುವುದಿಲ್ಲ.

ಆಮೇಲೆ ಹಾರುವುದರ ಬದಲು ಏನು ಮಾಡಬೇಕು ಎಂದು ತೀರ್ಮಾನಿಸಿ. "ಹಾರಬಾರದು" ಎಂಬುದನ್ನು ಕಲಿಸಲು ಬರುವುದಿಲ್ಲ, "ಕೂರು" ಎಂಬುದನ್ನು ಕಲಿಸಬಹುದು. ಮೊದಲಿಗೆ ನಾಲ್ಕೂ ಕಾಲು ನೆಲದ ಮೇಲಿದ್ದರೆ ಸಾಕು, ತಿನಿಸು ಕೊಡಿ. ಅದು ಕುದುರಿದ ಮೇಲೆ ಕೂತರೆ ಮಾತ್ರ. ತಿನಿಸು ಆ ಕ್ಷಣದಲ್ಲೇ ಬಾಯಿಗೆ ಹೋಗಬೇಕು. ನೀವು ಜೇಬು ತಡಕುವಷ್ಟರಲ್ಲಿ ಅದು ಎದ್ದು ನಿಂತಿರುತ್ತದೆ, ಎದ್ದುದಕ್ಕೇ ಕೂಲಿ ಕೊಟ್ಟಂತಾಗುತ್ತದೆ.

ಶುರುವಿನಲ್ಲಿ ಪ್ರತಿ ಸಲವೂ ಕೊಡಿ. ಕಲಿತ ಮೇಲೆ ಕೆಲವು ಸಲ ಕೊಡಿ, ಕೆಲವು ಸಲ ಬಿಡಿ, ಲೆಕ್ಕ ಅದಕ್ಕೆ ಸಿಗದಂತೆ ನೋಡಿಕೊಳ್ಳಿ. ಸ್ಕಿನ್ನರ್ ಮತ್ತು ಅವನ ಜೊತೆ ಕೆಲಸ ಮಾಡಿದ ಫರ್ಸ್ಟರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1957ರಲ್ಲಿ ದಪ್ಪ ಪುಸ್ತಕವಾಗಿ ತಂದರು. ಕುಕ್ಕಿದರೆ ಯಾವ ಸಲ ಕಾಳು ಸಿಗುತ್ತದೋ ಗೊತ್ತಿಲ್ಲದಿದ್ದಾಗ ಹಕ್ಕಿ ಬಿಡದೆ ಕುಕ್ಕುತ್ತದೆ, ಕೊಡುವುದು ನಿಂತರೂ ಬೇಗ ಬಿಡುವುದಿಲ್ಲ. ಇದೇ ನಿಮ್ಮ ವಿರುದ್ಧವೂ ತಿರುಗುತ್ತದೆ. ಮನೆಮಂದಿಯೆಲ್ಲ ಕಟ್ಟುನಿಟ್ಟಾಗಿದ್ದು, ಅಜ್ಜ ಮಾತ್ರ ಅಪರೂಪಕ್ಕೊಮ್ಮೆ "ಇರಲಿ ಬಿಡು" ಎಂದು ಹಾರಿದ ನಾಯಿಯ ತಲೆ ಸವರಿದರೆ, ಆ ಚಟ ಗಟ್ಟಿಯಾಗುತ್ತದೆ. ಅದಕ್ಕೇ ನಾನು ಅಜ್ಜನ ಜೊತೆ ನಾಯಿಗಿಂತ ಹೆಚ್ಚು ಹೊತ್ತು ಕೂರುತ್ತೇನೆ.

ಹಾರಿದಾಗ ಬೆನ್ನು ತಿರುಗಿಸಿ ನಿಲ್ಲಿ, ಮಾತು ಬೇಡ. ಮೊದಲು ಇನ್ನೂ ಜೋರಾಗಿ ಹಾರಬಹುದು, ಬೊಗಳಬಹುದು. ಹಿಂದೆ ಸಿಗುತ್ತಿದ್ದದ್ದು ಈಗ ಸಿಗುತ್ತಿಲ್ಲ ಎಂಬುದಕ್ಕೆ ಅದು ಗುರುತು. ಇಲ್ಲಿ ಸೋತು ತಿನಿಸು ಎಸೆದರೆ ಜೋರು ಮಾಡುವುದನ್ನೇ ಕಲಿಸಿದಿರಿ. ನೀವೂ ಒಂದು ಪಾಠ ಕಲಿತಿರಿ: ಎಸೆದೊಡನೆ ಗಲಾಟೆ ನಿಂತು ಹಾಯೆನಿಸಿತು, ನಾಳೆಯೂ ಎಸೆಯುತ್ತೀರಿ. ಋಣಾತ್ಮಕ ಪುನರ್ಬಲನ ಎಂದರೆ ಇದು: ಬೇಡದ್ದು ತೊಲಗಿದ್ದರಿಂದ ವರ್ತನೆ ಹೆಚ್ಚುವುದು. ಬಹಳ ಜನ ಅದನ್ನು ಶಿಕ್ಷೆ ಎಂದುಕೊಂಡಿದ್ದಾರೆ.

ತಿನಿಸಿನ ಚೀಲ ಎಷ್ಟು ದಿನ ಹೊರುವುದು ಎಂದು ಕೇಳುತ್ತೀರಿ. ಮನಶ್ಶಾಸ್ತ್ರಜ್ಞ ಡೇವಿಡ್ ಪ್ರೀಮ್ಯಾಕ್ 1959ರಲ್ಲಿ ತೋರಿಸಿದಂತೆ, ಹೆಚ್ಚು ಇಷ್ಟಪಟ್ಟು ಮಾಡುವ ಕೆಲಸವೇ ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಬಲ್ಲದು. ನಾಯಿಗೆ ಬೇಕಾದ್ದು ಬಂದವರ ಒಡನಾಟ ತಾನೇ? ಕೂತರೆ ಬಂದವರು ಬಗ್ಗಿ ಕತ್ತು ಸವರಲಿ, ಎದ್ದರೆ ಕೈ ಹಿಂದಕ್ಕೆ ತೆಗೆಯಲಿ.